ವಕೀಲರಿಲ್ಲದೆ ನ್ಯಾಯಾಲಯಕ್ಕೆ ಹೋಗಬಹುದೇ?

(ಕಾನೂನು ಅರಿವು ಸಭೆಯಲ್ಲಿ ಮಾಡಿದ ಭಾಷಣ)



‘ವಕೀಲರಿಗೆ ಕೊಡಲು ಹಣವಿಲ್ಲ. ಜೀವನಾಂಶಕ್ಕಾಗಿ ನಾನೇ ವಾದಿಸಬಹುದೇ?’ ಪತ್ರಿಕೆಯ ಕೆಲಸದಲ್ಲಿರುವ ನಮ್ಮನ್ನು ಸಹೋದರಿಯರು ಹೀಗೆ ಕೇಳುವುದುಂಟು. ಇದರೊಳಗೆ ಎರಡು ಪ್ರಶ್ನೆಗಳಿವೆ. ಒಂದು ಹಣದ್ದು, ಇನ್ನೊಂದು ವಾದದ್ದು.

ಹಣದ ಮಾತನ್ನು ಮೊದಲು ಮುಗಿಸೋಣ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯು ತನ್ನ ಆದಾಯವೆಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹಳು. ಪ್ರಕರಣದಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಸಾಕು. ತಾಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ಇದು ದಾನವಲ್ಲ, ಹಕ್ಕು. ಆದುದರಿಂದ ಬಡತನವೊಂದೇ ಕಾರಣಕ್ಕೆ ಯಾರೂ ಒಂಟಿಯಾಗಿ ನಿಲ್ಲಬೇಕಿಲ್ಲ.

ಹಾಗೆಂದು ಸ್ವತಃ ವಾದಿಸುವುದು ಹುಚ್ಚು ಸಾಹಸವೂ ಅಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನ ಪ್ರಕಾರ ಅಲ್ಲಿ ವಕೀಲರ ಮೂಲಕ ವಾದಿಸುವುದು ಕಕ್ಷಿದಾರರ ಹಕ್ಕೇ ಅಲ್ಲ. (ರೂಢಿಯಲ್ಲಿ ಕರಿಕೋಟುಗಳೇ ತುಂಬಿರುತ್ತವೆ ಎಂಬುದು ಬೇರೆ ಮಾತು.) ವಿಚ್ಛೇದಿತ ಮುಸ್ಲಿಮ್ ಮಹಿಳೆಯೂ ಎಲ್ಲರಿಗೂ ಅನ್ವಯಿಸುವ ಕಾನೂನಿನಡಿ ಜೀವನಾಂಶ ಕೇಳಬಹುದೆಂದು ಸುಪ್ರೀಮ್ ಕೋರ್ಟ್ 2024ರ ಜುಲೈ ತಿಂಗಳಲ್ಲಿ ಸ್ಪಷ್ಟಪಡಿಸಿದೆ. ರಜನೇಶ್–ನೇಹಾ ಪ್ರಕರಣದ 2020ರ ತೀರ್ಪಿನಂತೆ ಪತಿ-ಪತ್ನಿ ಇಬ್ಬರೂ ತಮ್ಮ ಆದಾಯ, ಆಸ್ತಿ ಮತ್ತು ಸಾಲಗಳ ಕುರಿತು ಪ್ರಮಾಣಪತ್ರ ಸಲ್ಲಿಸಬೇಕು. ಉಳಿದುದು ನಿಕಾಹ್ ದಾಖಲೆ, ಶಾಲಾ ಶುಲ್ಕದ ರಸೀದಿ, ಬಾಡಿಗೆ, ಔಷಧಿಯ ಬಿಲ್ಲು. ತನ್ನ ಮನೆಯ ಖರ್ಚನ್ನು ಆ ತಾಯಿಗಿಂತ ಚೆನ್ನಾಗಿ ಬಲ್ಲವರಾರು?

ಆದರೆ ಪತಿಯು ಮದುವೆಯನ್ನೇ ಅಲ್ಲಗಳೆದಾಗ ಅಥವಾ ಆದಾಯವನ್ನು ಬಚ್ಚಿಟ್ಟಾಗ ಪ್ರಕರಣದ ಸ್ವರೂಪವೇ ಬದಲಾಗುತ್ತದೆ. ಆಗ ಅವನನ್ನು ಪಾಟೀಸವಾಲಿಗೆ ಒಳಪಡಿಸಬೇಕು. ಅದು ಕಲಿತು ಬರುವ ವಿದ್ಯೆ. ಎಷ್ಟು ನಿಜವಾದ ದುಃಖವಾದರೂ ಅಲ್ಲಿ ಪ್ರಶ್ನೆಯ ರೂಪ ಪಡೆಯದಿದ್ದರೆ ದಾಖಲೆಗೆ ಸೇರದು. ಅಂತಹ ಹಂತದಲ್ಲಿ ವಕೀಲರು ಬೇಕೇ ಬೇಕು ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ದಿನ ಇದಕ್ಕಿಂತಲೂ ಅಪಾಯಕಾರಿ. ಅದು ರಾಜಿಯ ದಿನ. ಲೋಕ ಅದಾಲತ್‌ನಲ್ಲಿ ಸಹಿ ಹಾಕಿದ ರಾಜಿಯು ಡಿಕ್ರಿಗೆ ಸಮಾನ, ಅದರ ಮೇಲೆ ಅಪೀಲಿಲ್ಲ. ‘ಎಲ್ಲ ಬಾಕಿಯೂ ಚುಕ್ತಾ’ ಎಂಬ ಒಂದೇ ಸಾಲಿನಲ್ಲಿ ಮಹರ್, ಒಡವೆಗಳೆಲ್ಲ ಕೊಚ್ಚಿಹೋಗಬಹುದು. ಇಷ್ಟು ದಿನ ಒಬ್ಬಳೇ ಹೋರಾಡಿದವಳೂ ಅಂದು ವಕೀಲರಿಗೆ ತೋರಿಸದೆ ಸಹಿ ಹಾಕಬಾರದು. ಯಾವುದೇ ಹಂತದಲ್ಲಿ ವಕಾಲತ್ತು ಕೊಡಲು ಅವಕಾಶವಿದೆ.

ಜಮಾಅತಿನ ಹಿರಿಯರಲ್ಲಿ ನಮ್ಮದೊಂದು ವಿನಂತಿ. ‘ಕೋರ್ಟಿನ ಮೆಟ್ಟಿಲು ಹತ್ತಿದಳು’ ಎಂದು ಮುಖ ತಿರುಗಿಸಬೇಡಿ. ವಾಯಿದೆಯ ದಿನ ಅವಳ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಅವಳು ಗೈರುಹಾಜರಾದರೆ ಅರ್ಜಿಯೇ ವಜಾ ಆಗಬಹುದು.