ಕೌದಿಯ ಮೂಲೆಗೆ ನಿಮ್ಮ ಹೆಸರು

(ಕಲಿಕಾ ಕೇಂದ್ರದ ಮಹಿಳೆಯರ ಎದುರು ಮಾಡಿದ ಭಾಷಣ)



ಜಮಖಂಡಿಯವರು ಬಂದಿದ್ದೀರಿ. ಮುಧೋಳ, ಬೀಳಗಿ ಕಡೆಯವರು ಬಂದಿದ್ದೀರಿ. ರಬಕವಿ-ಬನಹಟ್ಟಿಯ ನೇಕಾರ ಮನೆತನದವರೂ ಕೂತಿದ್ದೀರಿ. ಇವತ್ತು ನಾನು ಮಾತಾಡೋದು "ಹವ್ಯಾಸ"ದ ಬಗ್ಗೆ. ಇದು ಪುಸ್ತಕದ ಶಬ್ದ. ನಮ್ಮ ಮಾತಿನಲ್ಲಿ ಹೇಳಬೇಕಂದ್ರ "ನಾದ". "ಅಕಿಗೆ ಹೊಲಿಗಿ ನಾದ ಹತ್ತೇತಿ ನೋಡವಾ" ಅಂತೀವಲ್ಲ, ಅದೇ ಇದು. ಯಾರೂ ಹೇಳಿರುವುದಿಲ್ಲ. ಯಾರೂ ಕೂಲಿ ಕೊಡುವುದಿಲ್ಲ. ನಮ್ಮ ಮನಸ್ಸಿಗೆ ಹಿಡಿಸಿ ನಾವೇ ಮಾಡುತ್ತೇವೆ.

ನಿಮ್ಮಲ್ಲಿ ಕೆಲವರು ಒಳಗೊಳಗೇ ನಗುತ್ತಿದ್ದೀರಿ, ನನಗೆ ಕಾಣುತ್ತದೆ. "ನಸುಕಿನ್ಯಾಗ ಎದ್ದು ರೊಟ್ಟಿ ಬಡಿಯೋದು, ಕಬ್ಬಿನ ಹೊಲಕ್ಕ ಕಳೆ ತೆಗಿಯಾಕ ಹೋಗೋದು, ಸಂಜಿಗೆ ಬಂದು ಮತ್ತ ಒಲಿ ಮುಂದ ಕೂಡೋದು. ನಮಗೆಲ್ಲಿ ನಾದ ಅಕ್ಕಾರ?"

ಸರಿ. ಒಂದು ಪ್ರಶ್ನೆ ಕೇಳತೀನಿ. ನಿಮ್ಮ ಮನೆಯಲ್ಲಿ ಕೌದಿ ಇದೆಯೋ ಇಲ್ಲವೋ? ಇದೆ. ಅದನ್ನು ಹೊಲಿದವರು ಯಾರು? ಅವ್ವ. ಅತ್ತೆ. ಆಯಿ. ಅವರಿಗೇನು ನಿಮಗಿಂತ ಕಡಿಮೆ ಕೆಲಸ ಇತ್ತೇ? ಬೀಸುವ ಕಲ್ಲು ಇತ್ತು. ದೂರದಿಂದ ನೀರು ಹೊರುವುದಿತ್ತು. ಆದರೂ ಬ್ಯಾಸಗಿ ಮಧ್ಯಾಹ್ನ ಕಟ್ಟಿ ಮ್ಯಾಲೆ ಹಳೇ ಸೀರಿ ಹರವಿ ಕೂಡುತ್ತಿದ್ದರು. ನಾಲ್ಕು ಮೂಲೆಗೆ ನಾಲ್ಕು ಮಂದಿ. ಕೈಯಲ್ಲಿ ಸೂಜಿ, ಬಾಯಲ್ಲಿ ಹಾಡು, ನಡುನಡುವೆ ಊರ ಸುದ್ದಿ. ಚಳಿಗೆ ಹೊದಿಕೆ ಬೇಕಿತ್ತು, ನಿಜ. ಆದರೆ ಬರೀ ಚಳಿಗಾಗಿ ಹೊಲಿದಿದ್ದರೆ ಕೆಂಪು ತ್ಯಾಪಿಯ ಪಕ್ಕ ಹಸಿರು ತ್ಯಾಪಿ ಯಾಕೆ ಇಡಬೇಕಿತ್ತು? ನಟ್ಟನಡುವೆ ಇಳಕಲ್ ಸೆರಗಿನ ತುಂಡು ಯಾಕೆ ಕೂಡಿಸಬೇಕಿತ್ತು? ಚಳಿಗೆ ಬಣ್ಣ ತಿಳಿಯುವುದಿಲ್ಲ. ಅದು ಅವರ ನಾದ.

ಈಗ ಪೇಟೆಯಲ್ಲಿ ಚಾದರ ಸಿಗುತ್ತದೆ. ಮೆತ್ತನೆಯ ಬ್ಲಾಂಕೆಟ್ ಸಿಗುತ್ತದೆ. ಕೌದಿ ಹೊಲಿಯಲೇಬೇಕು ಅನ್ನೋ ಜುಲುಮಿ ಇಲ್ಲ. ನನಗೆ ಇದು ಒಳ್ಳೆಯದೇ ಅನ್ನಿಸುತ್ತದೆ. ಬೇಕಾದರೆ ಹೊಲಿಯಬಹುದು, ಬ್ಯಾಡಾದರೆ ಬಿಡಬಹುದು. ಆದರೆ ಬಿಡುವ ಮುಂಚೆ ಒಂದು ಸಲ ಹೊಲಿದು ನೋಡ್ರಿ.

ಲೆಕ್ಕ ಕಲಿತಿದ್ದೀರಿ. ಅದನ್ನೇ ಇಲ್ಲಿ ಹಚ್ಚೋಣ. 9 ಗಜದ ಸೀರಿ ಎಂದರೆ 27 ಅಡಿ. ನಾಲ್ಕು ತುಂಡು ಮಾಡಿದರೆ ಒಂದೊಂದು ತುಂಡು 6 ಮುಕ್ಕಾಲು ಅಡಿ. ಪನ್ನ ಸುಮಾರು 4 ಅಡಿ. ಒಬ್ಬರು ಹೊದೆಯುವ ಕೌದಿಗೆ ನಾಲ್ಕು ಪದರ ಒಂದೇ ಸೀರಿಯಲ್ಲಿ ಆಯಿತು. ಈಗಿನ ಸಣ್ಣ ಸೀರಿ ಐದೂವರೆ ಮೀಟರ್, ಅಂದರೆ ಸುಮಾರು 18 ಅಡಿ. ಅದರಲ್ಲಿ ಮೂರು ತುಂಡು ಬರುತ್ತವೆ. ಮೇಲಿನ ಪದರಕ್ಕೆ ಬಣ್ಣದ ತ್ಯಾಪಿ, ಒಳಗೆ ಧೋತರ, ಹಳೇ ಸೀರಿ ಏನಾದರೂ ನಡೆಯುತ್ತದೆ.

ಒಂದೆರಡು ಮಾತು ನೆನಪಿಡ್ರಿ. ಬಟ್ಟೆ ಮೊದಲು ಕುದಿಯುವ ನೀರಿನಲ್ಲಿ ಹಾಕಿ ಒಗೆದು ಬಿಸಿಲಿಗೆ ಒಣಗಿಸಬೇಕು. ಹೊಸ ಬಟ್ಟೆ ಸೇರಿಸುವುದಿದ್ದರೆ ಅದನ್ನೂ ನೀರಿಗೆ ಹಾಕಿ ತೆಗೆಯಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಹೊಸದು ಕುಗ್ಗುತ್ತದೆ, ಹಳೆಯದು ಹಾಗೇ ಇರುತ್ತದೆ, ಕೌದಿ ಮುದುಡುತ್ತದೆ. ಪಾಲಿಸ್ಟರ್ ಸೀರಿ ಬಣ್ಣಕ್ಕೆ ಚಂದ. ಆದರೆ ಬೆವರು ಹೀರುವುದಿಲ್ಲ. ಕೂಸಿನ ಕೌದಿಗಂತೂ ಬೇಡವೇ ಬೇಡ. ಕೂಸಿಗೆ ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರಿಯೇ ಬೇಕು. ಪದರಗಳನ್ನು ಒಂದರ ಮೇಲೊಂದು ಹಾಸಿ, ಸುಕ್ಕು ತೀಡಿ, ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗಿ ಹಾಕಿಕೊಳ್ಳಿ. ಆಗ ಪದರ ಜಾರುವುದಿಲ್ಲ. ಕೂಡುವಾಗ ಎಷ್ಟು ಸೂಜಿ ತೆಗೆದಿರೋ ಏಳುವಾಗ ಅಷ್ಟೇ ಸೂಜಿ ಎಣಿಸಿ ಇಡ್ರಿ. ಒಂದು ಕಡಿಮೆಯಾದರೂ ಸಿಗುವ ತನಕ ಏಳಬ್ಯಾಡ್ರಿ.

ಈಗ ಇನ್ನೊಂದು ಲೆಕ್ಕ. ಅಂಚು ಮಡಚಿದ ಮೇಲೆ ಕೌದಿ 6 ಅಡಿ ಉದ್ದ, 4 ಅಡಿ ಅಗಲ ಉಳಿಯಿತು ಅನ್ನಿ. 4 ಅಡಿ ಎಂದರೆ 48 ಇಂಚು. ಇಂಚಿಗೊಂದು ಸಾಲು ಹೊಲಿದರೆ 48 ಸಾಲು. ಒಂದೊಂದು ಸಾಲು 6 ಅಡಿ, ಅಂದರೆ 72 ಇಂಚು. ಇಂಚಿಗೆ ಮೂರು ಹೊಲಿಗಿ ಹಿಡಿಯಿರಿ. ಒಟ್ಟು ಎಷ್ಟು? 10,368. ಹತ್ತು ಸಾವಿರದ ಮೇಲೆ! ನಿಮಿಷಕ್ಕೆ ಹತ್ತು ಹೊಲಿಗಿ ಹಾಕಿದರೆ 17 ತಾಸಿಗೂ ಹೆಚ್ಚು. ದಿನಾ ಅರ್ಧ ತಾಸು ಕೂತರೆ 35 ದಿನದಲ್ಲಿ ಒಂದು ಕೌದಿ. ಬಟ್ಟೆ ಕತ್ತರಿಸೋದು, ತ್ಯಾಪಿ ಕೂಡಿಸೋದು ಇದರಲ್ಲಿ ಸೇರಿಲ್ಲ.

ಈ ಲೆಕ್ಕ ಯಾಕೆ ಹೇಳಿದೆ? ನಾಳೆ ಯಾರೋ ಬಂದು, "ಹಳೇ ಅರಿಬಿ ಕೌದಿ ಅಲ್ಲೇನವಾ, ಇನ್ನೂರು ರೂಪಾಯಿ ಕೊಡತೀನಿ" ಅನ್ನುತ್ತಾರೆ. ಆಗ ಈ 17 ತಾಸು ನಿಮ್ಮ ಬಾಯಲ್ಲಿ ಇರಬೇಕು. ದಿನಕ್ಕೆ 8 ತಾಸು ಹಿಡಿದರೂ ಎರಡು ದಿನದ ಆಳಿಗಿಂತ ಹೆಚ್ಚಾಯಿತು. ನಿಮ್ಮೂರಲ್ಲಿ ಎರಡು ದಿನದ ಪಗಾರ ಎಷ್ಟು? ಅದರ ಮೇಲೆ ದಾರದ ರೊಕ್ಕ ಎಷ್ಟು? ಅದಕ್ಕಿಂತ ಕಡಿಮೆಗೆ ಕೊಟ್ಟರೆ ನೀವು ಮಾರಿದಂತೆ ಅಲ್ಲ, ಪುಕ್ಕಟೆ ದುಡಿದಂತೆ.

ಮಾರಲೇಬೇಕು ಅಂತ ನಾನು ಹೇಳುತ್ತಿಲ್ಲ ಮತ್ತೆ. ಹೆಂಗಸರು ಕೈಯಲ್ಲಿ ಏನು ಹಿಡಿದರೂ "ಮಾರಾಟಕ್ಕ ಇಡ್ರಿ, ಉದ್ಯೋಗ ಮಾಡ್ರಿ" ಅನ್ನುವವರಿದ್ದಾರೆ. ಈ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಗಂಡಸರು ಸಂಜೆ ಕಟ್ಟೆಗೆ ಕೂತು ಮಾತಾಡಿದರೆ "ಇದರಿಂದ ಎಷ್ಟು ಗಳಿಸಿದಿ?" ಅಂತ ಯಾರೂ ಕೇಳುವುದಿಲ್ಲ. ನಮ್ಮ ಅರ್ಧ ತಾಸಿಗೆ ಮಾತ್ರ ಲೆಕ್ಕ ಯಾಕೆ ಕೊಡಬೇಕು? ಮಾರುವವರು ತಕ್ಕ ಬೆಲೆಗೆ ಮಾರ್ರಿ. ಮಾರದವರು ಮಗಳಿಗೆ ಕೊಡ್ರಿ. ಇಲ್ಲಾ ನೀವೇ ಹೊದ್ದು ಮಲಗ್ರಿ.

ಕೌದಿ ಎಂದರೆ ಬಡವರ ಹಾಸಿಗೆ, ಯಾರು ನೋಡುತ್ತಾರೆ ಅನ್ನಬ್ಯಾಡ್ರಿ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು. ಬಹಳ ಮಂದಿಯನ್ನು ಗುಲಾಮರನ್ನಾಗಿ ತಂದಿದ್ದರು. ಆ ಹೆಣ್ಣುಮಕ್ಕಳೂ ಹಳೇ ಬಟ್ಟೆಯಲ್ಲಿ ಕೌದಿ ಹೊಲಿಯುತ್ತಾರೆ. ಅವರು ಅದನ್ನು "ಕವಂದಿ" ಅನ್ನುತ್ತಾರೆ. ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಮೂರು ಮೂಲೆಯ ಹೂವು ಕೂಡಿಸುತ್ತಾರೆ. ಅದಕ್ಕೆ "ಫೂಲ" ಎಂದು ಹೆಸರು. ಹೂವಿಲ್ಲದ ಕವಂದಿ ಬೆತ್ತಲೆ ಇದ್ದಂತೆ ಅನ್ನುತ್ತಾರೆ ಅವರು. 2004ರಲ್ಲಿ ಅವರು ತಮ್ಮದೇ ಒಂದು ಸಹಕಾರಿ ಕೂಟ ಕಟ್ಟಿಕೊಂಡರು. 2011ರಲ್ಲಿ ಅವರ ಕವಂದಿಗಳನ್ನು ಅಮೆರಿಕದ ನ್ಯೂಯಾರ್ಕಿನಲ್ಲಿ, ಷೋಮ್‌ಬರ್ಗ್ ಕೇಂದ್ರ ಎಂಬ ದೊಡ್ಡ ಗ್ರಂಥಾಲಯದಲ್ಲಿ, ಪ್ರದರ್ಶನಕ್ಕೆ ಇಟ್ಟಿದ್ದರು. ಹಳೇ ಬಟ್ಟೆ, ಸೂಜಿ, ದಾರ. ನಮ್ಮ ಹತ್ತಿರ ಇರುವುದೂ ಅದೇ.

ರಬಕವಿ-ಬನಹಟ್ಟಿಯವರಿಗೆ ಇನ್ನೂ ಒಂದು ಅನುಕೂಲ. ಮಗ್ಗದ ಮನೆಯಲ್ಲಿ ದಾರದ ತುಂಡು, ಬಟ್ಟೆಯ ತುದಿ ಉಳಿಯುತ್ತವೆ. ಎಸೆಯಬ್ಯಾಡ್ರಿ. ಬಣ್ಣ ಬಣ್ಣದ ದಾರ ಬೇರೆ ಬೇರೆ ಸುತ್ತಿ ಇಡ್ರಿ.

ಎಲ್ಲಿ ಇಡೋದು? ಅದಕ್ಕೊಂದು ಕಾಗದದ ಬುಟ್ಟಿ ಮಾಡೋಣ. ನಿಮ್ಮಲ್ಲಿ ಹಿರಿಯರಿಗೆ ಇದು ಗೊತ್ತು. ಬಿದಿರಿನ ಮರಕ್ಕೆ, ಬುಟ್ಟಿಗೆ ಕಾಗದ ಮತ್ತು ಮೆಂತೆ ಅರೆದು ಮೆತ್ತುತ್ತಿದ್ದರಲ್ಲ, ಅದೇ ಕೆಲಸ. ರದ್ದಿ ಕಾಗದ ಸಣ್ಣಗೆ ಹರಿದು ಎರಡು ಮೂರು ದಿನ ನೀರಲ್ಲಿ ನೆನೆಹಾಕಬೇಕು. ದಿನಾ ನೀರು ಬದಲಿಸಬೇಕು, ಇಲ್ಲಾಂದ್ರ ನಾರುತ್ತದೆ. ಒಂದು ಹಿಡಿ ಮೆಂತೆ ಬೇರೆ ನೆನೆಸಿ ನುಣ್ಣಗೆ ಅರೆಯಬೇಕು. ಮೆಂತೆ ಲೋಳೆಯಾಗಿ ಅಂಟು ಹಿಡಿಯುತ್ತದೆ. ಕಾಗದ ಹಿಂಡಿ, ಮೆಂತೆ ಕೂಡಿಸಿ, ಒರಳಲ್ಲಿ ಕುಟ್ಟಬೇಕು. ರೊಟ್ಟಿ ಹಿಟ್ಟಿನ ಹದಕ್ಕೆ ಬರಬೇಕು. ಹದ ನಿಮ್ಮ ಕೈಗೇ ತಿಳಿಯುತ್ತದೆ, ಅದನ್ನು ನಾನು ಹೇಳಬೇಕಿಲ್ಲ. ಒಂದು ಬೋಗಾಣಿ ಬೋರಲು ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಬೆರಳು ದಪ್ಪ ಮೆತ್ತಿ, ತಟ್ಟಿ ನುಣ್ಣಗೆ ಮಾಡಬೇಕು. ಒಂದು ದಿನ ನೆರಳಲ್ಲಿ ಒಣಗಲಿ, ಆಮೇಲೆ ಬಿಸಿಲಿಗೆ. ಮೊದಲೇ ಸುಡು ಬಿಸಿಲಿಗೆ ಇಟ್ಟರೆ ಬಿರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಬೋಗಾಣಿಯಿಂದ ಬಿಡಿಸಿರಿ. ಮೇಲೆ ಬಣ್ಣದ ಕಾಗದ ಅಂಟಿಸಿರಿ. ಬೇಕಾದರೆ ಸುಣ್ಣ ಬಳಿದು ಚಿತ್ರ ಬರೆಯಿರಿ.

ಒಂದು ಎಚ್ಚರಿಕೆ. ಈ ಬುಟ್ಟಿಯಲ್ಲಿ ದಾರ, ಗುಂಡಿ, ಕತ್ತರಿ ಇಡ್ರಿ. ರೊಟ್ಟಿ ಇಡಬ್ಯಾಡ್ರಿ. ಪತ್ರಿಕೆಗೆ ಅಚ್ಚು ಹಾಕುವ ಮಸಿ ಹೊಟ್ಟೆಗೆ ಒಳ್ಳೆಯದಲ್ಲ. ಪತ್ರಿಕೆಯಲ್ಲಿ ತಿನಿಸು ಕಟ್ಟಬಾರದು ಅಂತ ಕೇಂದ್ರ ಸರಕಾರದ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲೇ ಹೇಳಿದೆ. ಭಜಿ ಕಟ್ಟಿಸಿಕೊಂಡು ಬರುವಾಗಲೂ ಇದು ನೆನಪಿರಲಿ.

ಹಳೇ ಪತ್ರಿಕೆಗೆ ಇನ್ನೊಂದು ಉಪಯೋಗ ಇದೆ. ಕುಬಸ ಹೊಲಿಯುವುದನ್ನು ಕಲಿಯುವವರು ಮೊದಲೇ ಖಣಕ್ಕೆ ಕತ್ತರಿ ಹಾಕಬ್ಯಾಡ್ರಿ. ನಿಮಗೆ ಸರಿಯಾಗಿ ಕೂಡುವ ಹಳೇ ಕುಬಸದ ಹೊಲಿಗಿ ಬಿಚ್ಚಿ, ಪತ್ರಿಕೆಯ ಮೇಲೆ ಇಟ್ಟು, ಸುತ್ತ ಗೆರೆ ಎಳೆದು ಕತ್ತರಿಸಿರಿ. ಕಾಗದ ಕೆಟ್ಟರೆ ಇನ್ನೊಂದು ಕಾಗದ ಸಿಗುತ್ತದೆ. ಗುಳೇದಗುಡ್ಡದ ಖಣ ಕೆಟ್ಟರೆ ಜೀವ ಚುರ್ ಅನ್ನುತ್ತದೆ! ಮತ್ತ ಕತ್ತರಿಸುವ ಮುಂಚೆ ಆ ಪತ್ರಿಕೆ ಓದ್ರಿ. ಕತ್ತರಿಸಿದ ಮ್ಯಾಲೆ ಅರ್ಧ ಸುದ್ದಿ ತೋಳಿನಾಗ, ಅರ್ಧ ಸುದ್ದಿ ಬೆನ್ನಿನಾಗ ಹೋಗಿರತೈತಿ.

ನಲವತ್ತು ದಾಟಿದವರು ಈಗ ಸ್ವಲ್ಪ ಕಿವಿಗೊಡ್ರಿ. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ಪುಸ್ತಕ ದೂರ ಹಿಡಿದರೆ ಮಾತ್ರ ಅಕ್ಷರ ಕಾಣುತ್ತದೆ ಅಂತ ಕೆಲವರು ಕಲಿಯುವುದನ್ನೇ ಬಿಡುತ್ತಾರೆ. "ನನ್ನ ತಲಿಗೆ ಹತ್ತಂಗಿಲ್ಲವಾ" ಅಂತ ಎದ್ದು ಹೋಗುತ್ತಾರೆ. ತಲೆಗೆ ಏನೂ ಆಗಿಲ್ಲ. ಕಣ್ಣಿಗೆ ಚಾಳೀಸು ಬೇಕಾಗಿದೆ, ಅಷ್ಟೇ. ಚಾಳೀಸು ಎಂದರೇ ನಲವತ್ತು. ಆ ವಯಸ್ಸಿಗೆ ಎಲ್ಲರ ಕಣ್ಣೂ ಹಾಗೇ ಆಗುತ್ತದೆ. ಸರಕಾರಿ ದವಾಖಾನೆಯಲ್ಲಿ ಕಣ್ಣು ತೋರಿಸಿಕೊಳ್ಳಿ. ಸೂಜಿಗೂ ಪುಸ್ತಕಕ್ಕೂ ಒಂದೇ ಚಾಳೀಸು ಸಾಕು.

ಇನ್ನು ನಾನು ಬಂದ ಮುಖ್ಯ ಮಾತು. ನಿಮ್ಮ ಮನೆಯ ಹಳೇ ಕೌದಿ ಒಮ್ಮೆ ಬಿಚ್ಚಿ ನೋಡ್ರಿ. ಯಾರ ಸೀರಿ ಅಂತ ತಿಳಿಯಬಹುದು. ಯಾರ ಕೈ ಅಂತ ತಿಳಿಯುವುದಿಲ್ಲ. ಹತ್ತು ಸಾವಿರ ಹೊಲಿಗಿ ಹಾಕಿದಾಕೆಯ ಹೆಸರು ಅದರ ಮೇಲೆ ಎಲ್ಲೂ ಇಲ್ಲ. ಬೀಳಗಿ ಕಡೆ ಎಷ್ಟೋ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದವು. ಮನೆ ಬಿಟ್ಟು ಹೊಸ ಜಾಗಕ್ಕೆ ಹೋದವರ ಗಂಟಿನಲ್ಲಿ ಕೌದಿಯೂ ಹೋಯಿತು. ಮನೆ ಯಾರದು, ಹೊಲ ಯಾರದು ಎಂಬುದಕ್ಕೆ ಕಾಗದ ಇದ್ದವು. ಆ ಕೌದಿ ಯಾರದು ಎಂಬುದಕ್ಕೆ ಏನೂ ಇಲ್ಲ. ಹೊಲಿದಾಕೆಗೆ ಬರೆಯಲು ಬರುತ್ತಿರಲಿಲ್ಲ. ಸೂಜಿ ಒತ್ತಿ ಒತ್ತಿ ಗಟ್ಟಿಯಾಗಿದ್ದ ಅದೇ ಹೆಬ್ಬೆರಳಿಗೆ ಕಚೇರಿಯಲ್ಲಿ ಮಸಿ ಹಚ್ಚಿ ಒತ್ತಿಸಿಕೊಳ್ಳುತ್ತಿದ್ದರು.

ನಿಮಗೆ ಈಗ ಬರೆಯಲು ಬರುತ್ತದೆ. ನಿಮ್ಮ ಕೌದಿಯ ಮೂಲೆಗೆ ನಿಮ್ಮ ಹೆಸರು ನೀವೇ ಹೊಲಿಯಿರಿ.

ಮೊದಮೊದಲು ತೊಡಕಾಗುತ್ತದೆ. ನಮ್ಮ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಹೆಂತೆ ಎಂದು ನಾಲ್ಕು ಹೊಲಿಗಿ. ಎಳೆ ಎಣಿಸಿ ಹಾಕುವ ನೆಟ್ಟಗಿನ ಗೆರೆ ಅವು. ತೇರು, ಗೋಪುರ, ತುಳಸಿಕಟ್ಟೆ ಚಂದ ಬರುತ್ತವೆ. ಕನ್ನಡ ಅಕ್ಷರ ಹಾಗಲ್ಲ, ಎಲ್ಲಾ ದುಂಡಗೆ. ಅದಕ್ಕೇ ಹೀಗೆ ಮಾಡ್ರಿ. ಒಂದೇ ಬಣ್ಣದ ತ್ಯಾಪಿ ಆರಿಸಿರಿ. ಅದರ ಮೇಲೆ ಖಡುವಿನಿಂದ ಹೆಸರು ಬರೆಯಿರಿ. ಒಂದೊಂದು ಅಕ್ಷರ ನಾಲ್ಕು ಬೆರಳಿನಷ್ಟು ಎತ್ತರ ಇರಲಿ. ನೆಟ್ಟಗಿದ್ದ ಕಡೆ ಹೊಲಿಗಿ ಸ್ವಲ್ಪ ಉದ್ದ ಆದರೂ ನಡೆಯುತ್ತದೆ. ಬಾಗಿದ ಕಡೆ ಸಾಸಿವೆಯಷ್ಟು ಸಣ್ಣ ಹೊಲಿಗಿ ಹಾಕಬೇಕು. ಒಂದು ಹೊಲಿಗಿ ಮುಂದೆ ಹಾಕಿ, ಅರ್ಧ ಹಿಂದೆ ಬಂದು, ಮತ್ತೆ ಮುಂದೆ ಹೋದರೆ ನಡುವೆ ಸಂದು ಉಳಿಯುವುದಿಲ್ಲ. ಒತ್ತು ಅಕ್ಷರ ಇರುವವರು ಕೆಳಗೆ ಜಾಗ ಬಿಟ್ಟುಕೊಳ್ಳಿ. ಮಲ್ಲವ್ವ, ಬಸವ್ವ, ಕಲ್ಲವ್ವ ಅಂತ ಇರುವವರಿಗೆಲ್ಲ ಇದು ಬೇಕೇ ಬೇಕು! ಹೆಸರಿನ ಕೆಳಗೆ ಇಸವಿ ಹಾಕಿರಿ. ಅಳಿಸಿ ಹೋದೀತು ಅಂತ ಹೆದರಬ್ಯಾಡ್ರಿ. ಪಾಟಿಯ ಮೇಲೆ ಬರೆದದ್ದು ಒರೆಸಿದರೆ ಹೋಗುತ್ತದೆ, ಇದು ಒಗೆದರೂ ಹೋಗುವುದಿಲ್ಲ.

"ಗಂಡನ ಹೆಸರೂ ಹಾಕಬೇಕೇನ್ರಿ?" ಅಂತ ಯಾರೋ ಕೇಳಿದಿರಿ. ಅವರು ಹೊಲಿದಿದ್ದರೆ ಹಾಕ್ರಿ.

ಮುಂದಿನ ಮಂಗಳವಾರ ಮಧ್ಯಾಹ್ನ ಇಲ್ಲೇ ಕೂಡೋಣ. ಒಗೆದು ಒಣಗಿಸಿದ ಒಂದು ಹಳೇ ಸೀರಿ, ನಾಲ್ಕು ಬಣ್ಣದ ತ್ಯಾಪಿ ತರ್ರಿ. ಮನೆಯಲ್ಲಿ ಆಯಿ ಇದ್ದರೆ ಅವರನ್ನೂ ಕರಕೊಂಡು ಬರ್ರಿ. ಪದರ ಹಾಸೋದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ಹೆಸರು ಬರೆದು ಕೊಡೋದು ನಿಮ್ಮ ಕೆಲಸ. ಸೂಜಿ, ದಾರ, ಖಡು ನಾನು ತರತೀನಿ.