ನಾಳೆಯ ಚಿಂತೆ ನಮ್ಮದೂ ಹೌದು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



೧೯೭೦ನೆಯ ಮಾರ್ಚಿಯಲ್ಲಿ ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ತಾವೇ ಮುಂದಾಗಿ ಪರಿಸರ ಸಮ್ಮೇಳನ ನಡೆಸಿದರು. ಗಾಳಿ ಕೆಡಿಸಿದ ಅಪರಾಧಕ್ಕಾಗಿ ಒಂದು ಮೋಟಾರು ಕಾರನ್ನೇ ವಿಚಾರಣೆಗೆ ನಿಲ್ಲಿಸಿ, ಸುತ್ತಿಗೆಯಿಂದ ಒಡೆದರು. ಮರುತಿಂಗಳ ೨೨ರಂದು ನಡೆದ ಮೊದಲ ಭೂಮಿ ದಿನಕ್ಕೆ ಹಣ ಕೊಟ್ಟವರಲ್ಲಿ ಕಾರು ತಯಾರಿಸುವ ಕಾರ್ಮಿಕರ ಸಂಘವೇ ಮುಂದಿತ್ತು!

ಇದರಲ್ಲಿ ಆಶ್ಚರ್ಯವೇನು? ಕಾರ್ಖಾನೆಯ ಹೊಗೆ ಮೊದಲು ಹೊಗುವುದು ಕಾರ್ಮಿಕನ ಎದೆಯನ್ನೇ. ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದ, ಹೋಟೆಲಿನ ಒಲೆಯ ಮುಂದೆ ಬೆಂದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇಂದಿನವರ ಅಗತ್ಯ ತೀರಬೇಕು, ನಾಳಿನವರ ಪಾಲು ಉಳಿಯಬೇಕು. ಸುಸ್ಥಿರ ಅಭಿವೃದ್ಧಿಗೆ ವಿಶ್ವಸಂಸ್ಥೆಯ ಆಯೋಗ ೧೯೮೭ರಲ್ಲಿ ಹೇಳಿದ ಅರ್ಥ ಇದೇ. ಇಂಥ ಸಮ್ಮೇಳನ ಈ ನಗರದ ಕಾಲೇಜಿನಲ್ಲಿ ನಡೆದರೆ, ನಾವು ಚಹಾ ಕೊಟ್ಟು ಹಿಂದಿರುಗುವುದು ಬೇಡ. ಕುರ್ಚಿ ಎಳೆದು ಕುಳಿತು, ನಮ್ಮ ಮಾತನ್ನೂ ಹೇಳೋಣ.