ದುಂಬಿಗಳನ್ನು ಒಪ್ಪಿಸಿ ಹೋದ ಮೇಷ್ಟ್ರು

(ಕಾರ್ಮಿಕ ಸಹವಾಸದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕಾಫಿ ಗಿಡದ ಕಾಂಡವನ್ನು ಒಳಗಿಂದೊಳಗೇ ತಿಂದುಹಾಕುವ ಬೋರರ್ ಹುಳು ನಮಗೆಲ್ಲ ಗೊತ್ತು. ಎಲೆ ಹಳದಿಯಾದ ಗಿಡವನ್ನು ಕಿತ್ತು ಸುಡುವುದು ನಮ್ಮ ಕೈಗಳೇ. ಆ ಹುಳು ಬೆಳೆದು ರೆಕ್ಕೆ ಬಂದ ಮೇಲೆ ದುಂಬಿಯಾಗುತ್ತದೆ. ನಮ್ಮ ಪಾಲಿಗೆ ಅದು ಶತ್ರುವೇ ಸರಿ. ಆದರೆ ಲೋಕದ ನಾನಾ ಜಾತಿಯ ದುಂಬಿಗಳನ್ನು ಜೀವಮಾನವೆಲ್ಲ ಪ್ರೀತಿಯಿಂದ ಕೂಡಿಸಿಟ್ಟ ಒಬ್ಬರ ವಿಷಯವನ್ನು ಈ ದಿನ ಹೇಳಬೇಕೆಂದಿದ್ದೇವೆ.

ಅವರ ಹೆಸರು ಶಿಮೋನ್ ಟೆನೆನ್‌ಬಾಮ್. ಪೋಲೆಂಡ್ ದೇಶದ ಯೆಹೂದ್ಯರು, ೧೮೯೨ರಲ್ಲಿ ಹುಟ್ಟಿದವರು. ವಾರ್ಸಾ ಪಟ್ಟಣದ ಒಂದು ಯೆಹೂದ್ಯ ಹೈಸ್ಕೂಲಿಗೆ ಹೆಡ್‌ಮಾಸ್ಟರು. ಪೋಲೆಂಡಿನ ಕಾಡುಗಳಲ್ಲಿ ಮಾತ್ರವಲ್ಲ, ಸ್ಪೇನ್ ದೇಶದ ಬಾಲಿಯಾರಿಕ್ ದ್ವೀಪಗಳಲ್ಲಿಯೂ ಸುತ್ತಿ ದುಂಬಿಗಳನ್ನು ಹುಡುಕಿ, ಅಲ್ಲಿಯ ದುಂಬಿಗಳ ಮೇಲೆ ಗ್ರಂಥ ಬರೆದವರು. ಒಂದೊಂದು ಹುಳುವಿಗೂ ಒಂದು ಸೂಜಿ, ಅದರ ಕೆಳಗೆ ಊರು ತಾರೀಖು ಬರೆದ ಸಣ್ಣ ಚೀಟಿ. ಹೀಗೆ ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಲಕ್ಷಕ್ಕೂ ಮೀರಿ ಸೇರಿದವು. ತಾಳ್ಮೆಯ ಕೆಲಸ. ದಿನವಿಡೀ ಚಿಗುರು ಕೊಯ್ಯುವ ನಮ್ಮ ಅಕ್ಕಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

೧೯೩೯ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸೈನ್ಯ ಪೋಲೆಂಡಿನ ಮೇಲೆ ಬಿತ್ತು. ೧೯೪೦ರ ನವೆಂಬರಿನಲ್ಲಿ ವಾರ್ಸಾದ ಯೆಹೂದ್ಯರನ್ನೆಲ್ಲ ಪಟ್ಟಣದ ಒಂದು ಭಾಗಕ್ಕೆ ತುಂಬಿ ಬಾಗಿಲು ಮುಚ್ಚಿದರು. ಅದಕ್ಕೆ ಗೆಟ್ಟೊ ಎಂದು ಹೆಸರು. ಸುತ್ತಲೂ ೧೦ ಅಡಿಗೂ ಎತ್ತರದ ಗೋಡೆ, ಮೇಲೆ ಮುಳ್ಳುತಂತಿ. ಗೋಡೆಯ ಖರ್ಚನ್ನೂ ಯೆಹೂದ್ಯರಿಂದಲೇ ವಸೂಲು ಮಾಡಿದರು! ಒಳಗೆ ೪ ಲಕ್ಷಕ್ಕೂ ಹೆಚ್ಚು ಜನ, ಕೋಣೆಯೊಂದಕ್ಕೆ ಸರಾಸರಿ ೭ ಮಂದಿ. ಲೈನು ಮನೆಗಳ ಇಕ್ಕಟ್ಟು ಬಲ್ಲ ನಮಗೂ ಇದು ಊಹೆಗೆ ಮೀರಿದ್ದು. ಹಸಿವು ಬಂತು, ಹೇನುಗಳಿಂದ ಹರಡುವ ಟೈಫಸ್ ಜ್ವರ ಬಂತು. ಆಳುವವರು ಹೊರಗಿನ ಬೀದಿಗಳಲ್ಲಿ ಯೆಹೂದ್ಯರು, ಹೇನು, ಟೈಫಸ್ ಎಂಬ ಮೂರು ಹೆಸರುಗಳನ್ನು ಒಟ್ಟಿಗೆ ಸೇರಿಸಿ ಭಿತ್ತಿಪತ್ರ ಅಂಟಿಸಿದರು. ಜನರನ್ನು ಹುಳುವೆಂದು ಕರೆಯುವುದು ಮೊದಲು, ಸುಡುವುದು ಆಮೇಲೆ.

ಗೆಟ್ಟೊಕ್ಕೆ ಹೋಗಬೇಕಾಗಿ ಬಂದಾಗ ಟೆನೆನ್‌ಬಾಮರು ತಮ್ಮ ಪೆಟ್ಟಿಗೆಗಳನ್ನು ಸ್ನೇಹಿತರಾದ ಯಾನ್ ಜಬಿನ್‌ಸ್ಕಿಯವರ ಮನೆಗೆ ಸಾಗಿಸಿ ಒಪ್ಪಿಸಿದರು. ಜಬಿನ್‌ಸ್ಕಿಯವರು ವಾರ್ಸಾ ಮೃಗಾಲಯದ ಮೇಲಧಿಕಾರಿಯಾಗಿದ್ದವರು. ಅವರ ಮನೆ ಮೃಗಾಲಯದೊಳಗೇ ಇತ್ತು.

ಗೆಟ್ಟೊದ ಲೇಬರ್ ಆಫೀಸಿಗೆ ಝೀಗ್ಲರ್ ಎಂಬ ಜರ್ಮನ್ ಅಧಿಕಾರಿ. ಇವನಿಗೂ ಹುಳುಗಳ ಹುಚ್ಚು. ದುಂಬಿಗಳ ಸುದ್ದಿ ತಿಳಿದು ಜಬಿನ್‌ಸ್ಕಿಯವರ ಮನೆಗೇ ಬಂದು ಪೆಟ್ಟಿಗೆಗಳನ್ನು ನೋಡಿ ಮೆಚ್ಚಿದನು. ಸತ್ತ ದುಂಬಿಯ ಚಿಪ್ಪಿನ ಹೊಳಪು ಅವನಿಗೆ ಕಂಡಿತು. ಅವನ ಕಚೇರಿಯ ಗೋಡೆಯಾಚೆ ಹಸಿದು ನಿಂತ ಕೂಲಿಯವನು ಕಾಣಲಿಲ್ಲವೇ? ಕಂಡಿರಲೇಬೇಕು. ಅದೇ ಹೆಚ್ಚು ಭಯಂಕರವೆಂದು ನಮಗೆ ತೋರುತ್ತದೆ. ಇವರು ದೇವಾಲಯಗಳಿಲ್ಲದ ನಾಡಿನಿಂದ ಬಂದವರಲ್ಲ. ಭಾನುವಾರ ಗಂಟೆ ಬಾರಿಸುವ ನಾಡಿನಿಂದಲೇ ಬಂದವರು. ಇದನ್ನು ನಮ್ಮ ಕೂಟದಲ್ಲಿ ಮರೆಮಾಚಿ ಮಾತಾಡುವುದು ಸರಿಯಲ್ಲ.

ಜಬಿನ್‌ಸ್ಕಿಯವರು ಈ ಹುಚ್ಚನ್ನೇ ಉಪಯೋಗಿಸಿಕೊಂಡರು. ಲೇಬರ್ ಆಫೀಸಿನ ಕಟ್ಟಡಕ್ಕೆ ಗೋಡೆಯ ಹೊರಗಿನಿಂದಲೂ ಬಾಗಿಲಿತ್ತು. ಝೀಗ್ಲರನ ಜೊತೆಗೆ ಹೋಗಿಬಂದದ್ದರಿಂದ ಕಾವಲುಗಾರರಿಗೆ ಇವರ ಮುಖ ಪರಿಚಯವಾಯಿತು. ಮುಂದೆ ಅದೇ ಬಾಗಿಲಿನಿಂದ ಒಳಹೊಕ್ಕು, ಬರುವಾಗ ಯೆಹೂದ್ಯರನ್ನು ಹೊರಗೆ ಕರೆತಂದರು. ಗೆಟ್ಟೊ ಬಿಟ್ಟುಬಂದ ಯೆಹೂದ್ಯನಿಗೂ ಅಡಗಿಸಿದವನಿಗೂ ಮರಣದಂಡನೆಯೆಂದು ೧೯೪೧ರ ಅಕ್ಟೋಬರಿನಲ್ಲಿ ಆಜ್ಞೆಯಾಗಿತ್ತು. ಮನೆಯಲ್ಲಿ ಹೆಂಡತಿ ಆಂಟೊನಿನಾ, ಒಬ್ಬ ಚಿಕ್ಕ ಮಗ. ಆದರೂ ಆ ಮನೆಯಲ್ಲಿಯೂ ಖಾಲಿ ಪ್ರಾಣಿಗೂಡುಗಳಲ್ಲಿಯೂ ಯುದ್ಧ ಮುಗಿಯುವುದರೊಳಗೆ ಸುಮಾರು ೩೦೦ ಮಂದಿ ಅಡಗಿ ಹೋದರೆಂದು ಲೆಕ್ಕ. ಅಡಿಗೆಮನೆಯಲ್ಲಿ ಅಷ್ಟು ಬಾಯಿಗಳಿಗೆ ಒದಗಿಸಿದ ಆಂಟೊನಿನಮ್ಮನ ಧೈರ್ಯ ಗಂಡನದಕ್ಕಿಂತ ಕಡಿಮೆಯದಲ್ಲ. ಯೆರೂಸಲೇಮಿನ ಯಾದ್ ವಶೇಮ್ ಸಂಸ್ಥೆ ೧೯೬೫ರಲ್ಲಿ ಇಬ್ಬರನ್ನೂ ನೀತಿವಂತರೆಂದು ಗೌರವಿಸಿತು.

ಟೆನೆನ್‌ಬಾಮರು ಮಾತ್ರ ಹೊರಗೆ ಬರಲಿಲ್ಲ. ೧೯೪೧ರ ನವೆಂಬರಿನಲ್ಲಿ ಗೋಡೆಯೊಳಗೇ ತೀರಿಕೊಂಡರು. ಮುಂದಿನ ವರ್ಷ ಜುಲೈ ೨೨ರಿಂದ ಗೆಟ್ಟೊದ ಜನರನ್ನು ರೈಲುಗಳಲ್ಲಿ ತುಂಬಿ ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ಸಾಗಿಸಲಾರಂಭಿಸಿದರು. ಎರಡು ತಿಂಗಳೊಳಗೆ ಎರಡೂವರೆ ಲಕ್ಷಕ್ಕೂ ಮೇಲ್ಪಟ್ಟು ಜನ ಹೋದರು.

ಅವರ ಪತ್ನಿ ಎಲಿಯೊನೊರಾ ಅವರನ್ನು ಜಬಿನ್‌ಸ್ಕಿಯವರು ಆ ಲೇಬರ್ ಆಫೀಸಿನ ಬಾಗಿಲಿನಿಂದಲೇ ಹೊರಗೆ ಕರೆತಂದರು. ಆಕೆ ಬದುಕಿ ಉಳಿದರು. ೧೯೪೪ರಲ್ಲಿ ವಾರ್ಸಾ ಪಟ್ಟಣವೇ ನೆಲಸಮವಾಯಿತು, ಪೆಟ್ಟಿಗೆಗಳು ಉಳಿದವು. ಯುದ್ಧ ಮುಗಿದ ಮೇಲೆ ಆಕೆ ಅವುಗಳನ್ನು ಪೋಲೆಂಡಿನ ಪ್ರಾಣಿಶಾಸ್ತ್ರ ಸಂಗ್ರಹಾಲಯಕ್ಕೆ ಒಪ್ಪಿಸಿಬಿಟ್ಟರು.